ಹರತಾಳ: ಬೀಗ ಹಾಕುವ ಕೈ ಯಾರದು?

ಪ್ರಶ್ನೆ: ನಮ್ಮ ಮನೆಗೆ ಒಂದು ಕನ್ನಡ ಪತ್ರಿಕೆಯೂ ಒಂದು ಮಲಯಾಳ ಪತ್ರಿಕೆಯೂ ಬರುತ್ತವೆ. ಕನ್ನಡ ಪತ್ರಿಕೆಯ ಕಾಸರಗೋಡು ಪುಟದಲ್ಲಿ ‘ನಾಳೆ ಹರತಾಳ’ ಎಂಬ ತಲೆಬರಹವನ್ನು ಕಂಡ ಮೊಮ್ಮಗ, ಮಂಗಳೂರಿನ ಕಾಲೇಜಿನಲ್ಲಿ ಓದುವವನು, “ಅಜ್ಜ, ಇದು ಮಲಯಾಳ ಶಬ್ದ, ಕನ್ನಡದಲ್ಲಿ ಬಂದ್ ಅನ್ನಬೇಕು” ಎಂದ. ಅಚ್ಚಕನ್ನಡದ ‘ಮುಷ್ಕರ’ ಇರುವಾಗ ಎರಡೂ ಬೇಡವೆಂದು ನಾನು ವಾದಿಸಿದೆ. ನಮ್ಮಲ್ಲಿ ಯಾರು ಸರಿ? ಮೂರು ಪದಗಳಿಗೂ ಅರ್ಥ ಒಂದೆಯೇ? ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಜ್ಜ ಮೊಮ್ಮಗ ಇಬ್ಬರದೂ ಅರ್ಧರ್ಧ ಸರಿ ಎಂದು ಹೇಳಿ ವ್ಯಾಜ್ಯ ಮುಗಿಸಬಹುದಿತ್ತು. ಆದರೆ ಈ ಸಲ ಇಬ್ಬರೂ ತಪ್ಪಿದ್ದೀರಿ. ಪತ್ರಿಕೆಯವರು ಬರೆದದ್ದೇ ಸರಿ.

ಮೊದಲು ಪದದ ಹುಟ್ಟನ್ನು ನೋಡೋಣ. ಸಂಸ್ಕೃತದಲ್ಲಿ ‘ಹಟ್ಟ’ ಎಂದರೆ ಅಂಗಡಿಬೀದಿ, ಸಂತೆ. ಹಿಂದಿಯವರು ಇಂದಿಗೂ ವಾರದ ಸಂತೆಯನ್ನು ‘ಹಾಟ್’ ಎನ್ನುತ್ತಾರೆ. ‘ತಾಲಾ’ ಎಂದರೆ ಬೀಗ. ಅಂಗಡಿಗೆ ಬೀಗ ಹಾಕುವುದು ಎಂಬ ಈ ಎರಡು ಪದಗಳ ಕೂಟವೇ ಗುಜರಾತಿಯಲ್ಲಿ ‘ಹಡತಾಳ’ವಾಗಿಯೂ ಹಿಂದಿಯಲ್ಲಿ ‘ಹಡ್‌ತಾಲ್’ ಆಗಿಯೂ ಉಳಿದಿದೆ. ಹಿಂದಿಯ ಆ ‘ಡ’ಕಾರ ನಾಲಿಗೆಯನ್ನು ಮೇಲಕ್ಕೆ ಮಡಚಿ ಹಗುರಾಗಿ ಹೊಡೆದು ನುಡಿಯುವಂಥದ್ದಾದ್ದರಿಂದ ಬೇರೆ ಭಾಷೆಗಳವರ ಕಿವಿಗೆ ಅದು ‘ರ’ಕಾರವಾಗಿ ಕೇಳಿಸಿ ‘ಹರ’ ಎಂದಾಯಿತು. ಹರನಿಗೂ ಅವನ ತಾಂಡವದ ತಾಳಕ್ಕೂ ಇಲ್ಲಿ ಯಾವ ಪಾತ್ರವೂ ಇಲ್ಲ. ಹಾಗೆ ಬಿಡಿಸಿ ಹೇಳುವ ಪಂಡಿತರು ನಮ್ಮ ಊರುಗಳಲ್ಲಿ ಇದ್ದೇ ಇರುತ್ತಾರಾದ್ದರಿಂದ ಇದನ್ನು ಬರೆಯಬೇಕಾಯಿತು.

ಮಲಯಾಳದಿಂದ ಕನ್ನಡಕ್ಕೆ ಬಂತೆಂಬ ಮೊಮ್ಮಗನ ಊಹೆಯನ್ನು ಪದದ ಕೊನೆಯ ಅಕ್ಷರವೇ ಅಲ್ಲಗಳೆಯುತ್ತದೆ. ನಿಮ್ಮ ಮನೆಯ ಎರಡು ಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮಲಯಾಳದಲ್ಲಿ ಅದು ‘ಹರ್ತ್ತಾಲ್’. ತಕಾರ ಒತ್ತಿದೆ, ಕೊನೆಗೆ ‘ಲ್’ ಇದೆ. ನಮ್ಮದರಲ್ಲಿ ಒತ್ತಿಲ್ಲ, ಕೊನೆಗೆ ‘ಳ’ ಇದೆ. ಗುಜರಾತಿ ಮತ್ತು ಮರಾಠಿ ರೂಪಗಳ ಕೊನೆಯಲ್ಲಿಯೂ ಇದೇ ‘ಳ’ ಇರುವುದರಿಂದ, ಕನ್ನಡದ ರೂಪವು ಬಡಗಣಿಂದ, ಮರಾಠಿಯ ಮಗ್ಗುಲಿನಿಂದ ಇಳಿದು ಬಂದದ್ದೆಂದು ತಿಳಿಯುವುದೇ ಯುಕ್ತ. ಮಲಯಾಳದಲ್ಲಿ ಬೀಗಕ್ಕೆ ‘ತಾೞ್’ ಎನ್ನುತ್ತಾರೆ, ಹಾಗಾಗಿ ಪದವೂ ಅಲ್ಲಿಯದೇ ಎಂದು ಯಾರಾದರೂ ಹೇಳಿದರೆ, ಮೊದಲರ್ಧದ ‘ಹಟ್ಟ’ಕ್ಕೆ ಅವರು ಏನು ಹೇಳುತ್ತಾರೆಂದು ಕೇಳಿ.

ಪದ ಮಾತ್ರವಲ್ಲ, ಪದ್ಧತಿಯೂ ಹಳೆಯದು. ಅರಸನ ಅಥವಾ ಅಧಿಕಾರಿಯ ನಡೆ ಸಹಿಸಲಾಗದಾಗ ವರ್ತಕರು ಅಂಗಡಿಗಳನ್ನು ಮುಚ್ಚಿ ಕುಳಿತುಬಿಡುವುದು ಉತ್ತರ ಮತ್ತು ಪಶ್ಚಿಮ ಭಾರತದ ಪಟ್ಟಣಗಳಲ್ಲಿ ಕಂಪನಿ ಸರಕಾರಕ್ಕಿಂತ ಮುಂಚಿನಿಂದಲೂ ಇತ್ತು. 1810–11ರಲ್ಲಿ ಕಂಪನಿಯು ಮನೆ ತೆರಿಗೆ ಹೇರಿದಾಗ ಕಾಶಿಯ ಜನರು ಅಂಗಡಿ ಮುಚ್ಚಿ, ಕೆಲಸ ಬಿಟ್ಟು, ಊರ ಹೊರಗೆ ಬಂದು ಕುಳಿತದ್ದು ಇದರ ಪ್ರಸಿದ್ಧ ನಿದರ್ಶನ. ಆದರೆ ಈ ಪದವನ್ನು ದೇಶದ ಎಲ್ಲ ಭಾಷೆಗಳ ಬಾಯಿಗೂ ಹಾಕಿದವರು ಗಾಂಧೀಜಿ. 1919ರಲ್ಲಿ ರೌಲಟ್ ಕಾಯಿದೆಯ ವಿರುದ್ಧ ಏನು ಮಾಡಬೇಕೆಂದು ತೋಚದೆ ಅವರು ಮದರಾಸಿನಲ್ಲಿ ರಾಜಗೋಪಾಲಾಚಾರಿಯವರ ಅತಿಥಿಯಾಗಿದ್ದಾಗ, ನಸುಕಿನ ಅರೆನಿದ್ದೆಯಲ್ಲಿ ದೇಶವ್ಯಾಪಿ ಹರತಾಳದ ಯೋಚನೆ ಹೊಳೆಯಿತೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮೊದಲು ಗೊತ್ತುಮಾಡಿದ್ದ ದಿನ ಮಾರ್ಚ್ 30. ಅದನ್ನು ಏಪ್ರಿಲ್ 6ಕ್ಕೆ ಮುಂದೂಡಿದ ಸುದ್ದಿ ಸಮಯಕ್ಕೆ ತಲಪದೆ ದಿಲ್ಲಿಯಲ್ಲಿ ಮಾರ್ಚ್ 30ರಂದೇ ಹರತಾಳ ನಡೆದುಹೋಯಿತು. ಗಾಂಧೀಜಿಯವರ ಹರತಾಳದಲ್ಲಿ ಅಂಗಡಿ ಮುಚ್ಚುವುದರ ಜೊತೆಗೆ ಉಪವಾಸವೂ ಪ್ರಾರ್ಥನೆಯೂ ಇದ್ದವು. ಅದು ಆತ್ಮಶುದ್ಧಿಯ ದಿನ. 1928ರ ಫೆಬ್ರವರಿ 3ರಂದು ಸೈಮನ್ ಆಯೋಗ ಬಂದಿಳಿದಾಗಲೂ ದೇಶ ಹರತಾಳವನ್ನೇ ಆಚರಿಸಿತು. ಹೌದು, ‘ಆಚರಿಸಿತು’. ವ್ರತವನ್ನು ಆಚರಿಸುವಂತೆ ಹರತಾಳವನ್ನು ಆಚರಿಸುವುದು ಕನ್ನಡದ ವಾಡಿಕೆ. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೇರಳ ರಾಜ್ಯ ಹುಟ್ಟಿದ್ದು 1956ರ ನವೆಂಬರ್ 1ರಂದು. ಹಾಗಿರುವಾಗ ಈ ಪದಕ್ಕಾಗಿ ಕನ್ನಡಿಗರು ಮಲಯಾಳದ ಅಂಗಡಿಗೆ ಸಾಲಕ್ಕೆ ಹೋಗುವ ಅಗತ್ಯ ಎಲ್ಲಿತ್ತು?

ಇನ್ನು ಮೂರು ಪದಗಳ ಅರ್ಥದ ವಿಚಾರ. ಇವು ಒಂದೇ ವಸ್ತುವಿನ ಮೂರು ಹೆಸರುಗಳಲ್ಲ. ಯಾವುದು ನಿಲ್ಲುತ್ತದೆ, ನಿಲ್ಲಿಸುವ ಕೈ ಯಾರದು ಎಂದು ಕೇಳಿಕೊಂಡರೆ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ.

ಮುಷ್ಕರದಲ್ಲಿ ನಿಲ್ಲುವುದು ದುಡಿಮೆ, ನಿಲ್ಲಿಸುವವರು ದುಡಿಯುವವರು. ಬಸ್ ನೌಕರರದು ಮುಷ್ಕರ, ಬ್ಯಾಂಕ್ ಸಿಬ್ಬಂದಿಯದು ಮುಷ್ಕರ, ಬೀಡಿ ಕಾರ್ಮಿಕರದು ಮುಷ್ಕರ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯೂ ಉದ್ಯಮದಲ್ಲಿ ಕೆಲಸಕ್ಕಿರುವವರು ಒಟ್ಟಾಗಿ ಕೆಲಸ ನಿಲ್ಲಿಸುವುದನ್ನೇ ಮುಷ್ಕರವೆಂದು ಹೇಳಿತು. ಮಾಲಿಕನೇ ಬಾಗಿಲು ಮುಚ್ಚಿ ಕಾರ್ಮಿಕರನ್ನು ಹೊರಗಿಟ್ಟರೆ ಅದು ಲಾಕೌಟ್, ನಮ್ಮ ಪತ್ರಿಕೆಗಳ ಮಾತಿನಲ್ಲಿ ಬೀಗಮುದ್ರೆ. ಅಂದಮೇಲೆ ಬದಿಯಡ್ಕ ಪೇಟೆಯ ಜಿನಸಿ ಅಂಗಡಿಯವರು ಒಂದು ದಿನ ಬಾಗಿಲು ಹಾಕಿದ್ದನ್ನು ಮುಷ್ಕರ ಎಂದರೆ, ಅವರು ಯಾವ ಧಣಿಯ ವಿರುದ್ಧ ಹೂಡಿದರು ಎಂಬ ಪ್ರಶ್ನೆ ಏಳುತ್ತದೆ. ‘ಹೂಡಿದರು’ ಎಂದೇ ಏಕೆ ಬರೆದೆನೆಂದರೆ, ಮುಷ್ಕರವನ್ನು ಕನ್ನಡದಲ್ಲಿ ಹೂಡುತ್ತಾರೆ. ನೇಗಿಲು ಹೂಡಿದಂತೆ, ದಾವೆ ಹೂಡಿದಂತೆ. ಇಲ್ಲಿಯೂ ಒಂದು ಮಾತು ಸೇರಿಸಬೇಕು: ‘ಮುಷ್ಕರ’ದ ಹಳೆಯ ಅರ್ಥ ಹಟ, ಮೊಂಡುತನ. ಪತ್ರಿಕೆಗಳು ಅದಕ್ಕೆ ಕೂಲಿಕಾರರ ಹೋರಾಟದ ಗೌರವದ ಅರ್ಥವನ್ನು ತಂದುಕೊಟ್ಟವು. ಅಚ್ಚಕನ್ನಡದ ವಾದವನ್ನು ಈ ಪದದ ಮೇಲೆ ಕಟ್ಟುವುದರಿಂದ ಪ್ರಯೋಜನವಿಲ್ಲ, ಅಜ್ಜನವರು ಕ್ಷಮಿಸಬೇಕು.

ಹರತಾಳದಲ್ಲಿ ನಿಲ್ಲುವುದು ವ್ಯವಹಾರ. ಪದದ ಮೂಲಾರ್ಥದ ಪ್ರಕಾರ ಬೀಗ ಹಾಕುವ ಕೈ ಅಂಗಡಿಯವನದೇ. ತಮಿಳಿನಲ್ಲಿ ಇದಕ್ಕೆ ‘ಕಡೈಯಡೈಪ್ಪು’ ಎನ್ನುತ್ತಾರೆ, ಅಂದರೆ ಅಂಗಡಿ ಮುಚ್ಚುಗಡೆ. ಹೊಸೂರಿನ ಕಡೆಯ ನಮ್ಮ ಓದುಗರು ಗೋಡೆಗಳ ಮೇಲೆ ನಿತ್ಯ ನೋಡುವ ಮಾತು. ಹರತಾಳ ಎಂಬುದನ್ನು ತಮಿಳರು ಅಕ್ಷರಕ್ಷರವಾಗಿ ತಮ್ಮದನ್ನಾಗಿ ಮಾಡಿಕೊಂಡಂತಿದೆ. ಕೆಲಸ ನಿಲ್ಲಿಸುವುದಕ್ಕೆ ಅವರಲ್ಲಿ ಬೇರೆಯೇ ಪದವಿದೆ, ‘ವೇಲೈನಿಱುತ್ತಂ’. ಮಲಯಾಳದಲ್ಲಿಯೂ ‘ಹರ್ತ್ತಾಲ್’ ಬೇರೆ, ‘ಪಣಿಮುಡಕ್ಕ್’ ಬೇರೆ.

ಬಂದ್‌ನಲ್ಲಿ ನಿಲ್ಲುವುದು ಎಲ್ಲವೂ: ಅಂಗಡಿ, ಕಚೇರಿ, ಶಾಲೆ, ವಾಹನ, ದಾರಿಹೋಕ. ನಿಲ್ಲಿಸುವ ಕೈ ಕರೆ ಕೊಟ್ಟವರದು. ಮುಚ್ಚಿದ್ದು ಎಂಬ ಅರ್ಥದ ಹಿಂದಿ ‘ಬಂದ್’ ನಮಗೆ ದಿನಬಳಕೆಯ ಪದವೇ ಆಗಿದೆ. ಇಂಗ್ಲಿಷ್ ಪತ್ರಿಕೆಗಳು ಕೊನೆಗೆ ಒಂದು ಹಕಾರ ಸೇರಿಸಿ ಬರೆಯುವುದನ್ನು ನೋಡಿ ಕೆಲವರು ಕನ್ನಡದಲ್ಲಿಯೂ ‘ಬಂಧ್’ ಎಂದು ಮಹಾಪ್ರಾಣ ಕೊಡುತ್ತಾರೆ, ಅದು ಬೇಡ. ಮೂಲದಲ್ಲಿಯೇ ಅಲ್ಪಪ್ರಾಣವಿದೆ.

ಈ ವ್ಯತ್ಯಾಸ ಬರಿಯ ನಿಘಂಟಿನದಲ್ಲ, ಕೇರಳದಲ್ಲಿ ಅದು ಕಾನೂನಿನದೂ ಆಗಿದೆ. ಕರ್ನಾಟಕದ ಪತ್ರಿಕೆಗಳಲ್ಲಿ ‘ಬಂದ್’ ಎಂದು ಕಾಣುವುದು ಗಡಿಯ ತಲಪಾಡಿ ದಾಟಿದೊಡನೆ ‘ಹರತಾಳ’ವಾಗುವುದಕ್ಕೆ ಕಾರಣ ಭಾಷೆಯಲ್ಲ, 1997ರ ಜುಲೈ 28ರಂದು ಕೇರಳ ಹೈಕೋರ್ಟಿನ ಪೂರ್ಣಪೀಠ ಕೊಟ್ಟ ತೀರ್ಪು. ಯಾರೂ ಮನೆಯಿಂದ ಹೊರಡಬಾರದು, ಕೆಲಸಕ್ಕೆ ಹೋಗಬಾರದು, ಹೋದರೆ ಪರಿಣಾಮ ನೆಟ್ಟಗಿರದು ಎಂಬ ಬೆದರಿಕೆ ಬಂದ್ ಕರೆಯ ಒಳಗೇ ಇರುತ್ತದೆಯಾದ್ದರಿಂದ ಅದು ಸಂವಿಧಾನಕ್ಕೆ ವಿರುದ್ಧವೆಂದು ಆ ಪೀಠ ಸಾರಿತು. ಹರತಾಳ ಅಥವಾ ಸಾರ್ವತ್ರಿಕ ಮುಷ್ಕರದ ಕರೆಯಲ್ಲಿ ಸೇರುವ ಸೇರದಿರುವ ಸ್ವಾತಂತ್ರ್ಯ ಜನರಿಗೆ ಉಳಿಯುತ್ತದೆಂದು ಅದನ್ನು ಬೇರೆಯಾಗಿ ಇರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ತೀರ್ಪನ್ನು ಎತ್ತಿಹಿಡಿಯುವಾಗ, ಬಂದ್ ಮತ್ತು ಹರತಾಳಗಳ ನಡುವೆ ಹೈಕೋರ್ಟು ಎಳೆದ ಗೆರೆಯನ್ನೂ ಒಪ್ಪಿತು. ಮುಂದೆ ನಡೆದದ್ದು ನಿಮಗೆ ಗೊತ್ತಿದೆ. ಎಲ್ಲ ಬಣ್ಣದ ಪಕ್ಷಗಳೂ ಬಂದ್ ಎಂಬ ಹಲಗೆಯನ್ನು ಇಳಿಸಿ ಹರತಾಳ ಎಂಬ ಹಲಗೆಯನ್ನು ಏರಿಸಿದವು. ಗಾಂಧೀಜಿಯವರ ವ್ರತದ ಹೆಸರು ಬೆಳಿಗ್ಗೆ 6ರಿಂದ ಸಂಜೆ 6ರ ತನಕ ನಡೆಯುವ ಬಂದ್‌ನ ಹೆಸರಾಯಿತು. ಮಂಗಳೂರಿನ ಬಸ್ಸು ತಲಪಾಡಿಯಲ್ಲಿ ತಿರುಗಿ ನಿಲ್ಲುತ್ತದೆ, ಕುಂಬಳೆಯ ಪೇಟೆಯಲ್ಲಿ ಬಾಗಿಲು ತೆರೆದಿರುವುದು ಮದ್ದಿನ ಅಂಗಡಿಯದು ಮಾತ್ರ, ಹಾಲು ಪತ್ರಿಕೆ ಆಸ್ಪತ್ರೆಗಳಿಗೆ ವಿನಾಯಿತಿ ಎಂಬ ಸಾಲು ಪ್ರತಿಸಲವೂ ಅಚ್ಚಾಗುತ್ತದೆ. ಬೀಗ ಅಂಗಡಿಯವನ ಕೈಯಲ್ಲೇ ಇದೆ; ಆದರೆ ಅವನ ಮನಸ್ಸು ಅದರಲ್ಲಿದೆಯೋ ಇಲ್ಲವೋ ಅವನನ್ನೇ ಕೇಳಬೇಕು. ಕರೆ ಕೊಟ್ಟ ರಾತ್ರಿಯೇ ಬೆಳಗಾಗುವ ಹರತಾಳಗಳಿಂದ ಜನ ಬಸವಳಿದ ಮೇಲೆ, 2019ರ ಜನವರಿಯಲ್ಲಿ ಹೈಕೋರ್ಟು, ಹರತಾಳಕ್ಕೆ 7 ದಿನ ಮುಂಚಿತವಾಗಿ ತಿಳಿವಳಿಕೆ ಕೊಡಬೇಕೆಂದು ಆದೇಶಿಸಿತು.

ಆದ್ದರಿಂದ ಕಾಸರಗೋಡಿನ ಸುದ್ದಿ ಬರೆಯುವವರು ಕರೆ ಕೊಟ್ಟವರು ಹೇಳಿದ ಹೆಸರನ್ನೇ, ಅಂದರೆ ಹರತಾಳ ಎಂದೇ ಬರೆಯತಕ್ಕದ್ದು. ಅಲ್ಲಿ ‘ಬಂದ್’ ಎಂದು ಬರೆದರೆ ನ್ಯಾಯಾಲಯ ನಿಷೇಧಿಸಿದ ಕೃತ್ಯವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ಕಲ್ಲು ತೂರಿ ಬಾಗಿಲು ಮುಚ್ಚಿಸಿದ್ದರೆ ಆ ಸಂಗತಿಯನ್ನು ಒಡಲಿನಲ್ಲಿ ಬಿಡಿಸಿ ಬರೆಯಲಿ. ತಲೆಬರಹದ ಪದವನ್ನು ಬದಲಿಸಿ ತೀರ್ಪು ಕೊಡುವುದು ವರದಿಗಾರನ ಕೆಲಸವಲ್ಲ.

ಪ್ರಶ್ನೆ: ನಾವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು. ಇಲ್ಲಿನ ಮರಾಠಿ ಪತ್ರಿಕೆಗಳಲ್ಲಿ ‘ನಿಯಮಾಂನಾ ಹರತಾಳ’ ಎಂದು ಆಗಾಗ ಬರುತ್ತದೆ. ನಿಯಮಗಳು ಅಂಗಡಿ ಮುಚ್ಚುವುದು ಹೇಗೆ?
— ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಇದು ಬೇರೆಯೇ ಹರತಾಳ; ಇದರ ಕಥೆ ಹಿಂದಿನದಕ್ಕಿಂತ ಸ್ವಾರಸ್ಯವಾಗಿದೆ. ಗಂಧಕ ಮತ್ತು ಪಾಷಾಣ ಸೇರಿದ ಹಳದಿಯ ಖನಿಜವೊಂದಕ್ಕೆ ಸಂಸ್ಕೃತದಲ್ಲಿ ‘ಹರಿತಾಲ’ ಎಂದು ಹೆಸರು. ಮರಾಠಿಯಲ್ಲಿ ಅದು ‘ಹರತಾಳ’, ಕನ್ನಡದಲ್ಲಿ ‘ಅರದಾಳ’. ಯಕ್ಷಗಾನದ ಚೌಕಿಯಲ್ಲಿ ಕುಳಿತು ನೋಡಿದ ಹಳಬರಿಗೆ ಈ ಹೆಸರು ಹೊಸದಲ್ಲ. ಸಿದ್ಧ ಬಣ್ಣಗಳು ಬರುವ ಮೊದಲು ಇಂಗಳೀಕದ ಕೆಂಪಿನ ಜೊತೆಗೆ ಅರದಾಳದ ಹಳದಿಯನ್ನು ಅರೆದು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು. ಆಯುರ್ವೇದದವರು ಇದನ್ನು ಶುದ್ಧಿಮಾಡಿ ಭಸ್ಮವಾಗಿ ಬಳಸುತ್ತಾರೆ.

ಇದಕ್ಕೆ ಇನ್ನೊಂದು ಉಪಯೋಗವೂ ಇತ್ತು. ಕಾಗದದ ಹಸ್ತಪ್ರತಿಗಳನ್ನು ಬರೆಯುವ ಕಾಲದಲ್ಲಿ ಲಿಪಿಕಾರನು ಅಕ್ಷರ ತಪ್ಪಿದಾಗ ಅದನ್ನು ಕೆರೆಯುವ ಬದಲು ಅರದಾಳವನ್ನು ತೇಯ್ದು ಬಳಿದು ಮುಚ್ಚಿ, ಒಣಗಿದ ಮೇಲೆ ಅದರ ಮೇಲೆಯೇ ಸರಿಯಾದ ಅಕ್ಷರವನ್ನು ಬರೆಯುತ್ತಿದ್ದ. ನಮ್ಮ ಮಕ್ಕಳು ಶಾಲೆಯಲ್ಲಿ ಬಳಸುವ ಬಿಳಿಯ ದ್ರವದ ಕೆಲಸವನ್ನು ಆಗ ಈ ಹಳದಿ ಮಾಡುತ್ತಿತ್ತು. ಹಳೆಯ ಪ್ರತಿಗಳ ಹಾಳೆಗಳಲ್ಲಿ ಅಲ್ಲಲ್ಲಿ ಕಾಣುವ ಹಳದಿ ಮಚ್ಚೆಗಳನ್ನು ನೋಡಿ ಅರಸಿನವೆಂದು ಭ್ರಮಿಸುವವರಿದ್ದಾರೆ. ಈ ಅಭ್ಯಾಸದಿಂದಲೇ ಮರಾಠಿಯಲ್ಲಿ ‘ಹರತಾಳ ಫಾಸಣೆ’, ಹರತಾಳ ಬಳಿಯುವುದು, ಎಂಬ ನುಡಿಗಟ್ಟು ಹುಟ್ಟಿತು. ಬರೆದಿಟ್ಟದ್ದನ್ನು ಅಳಿಸಿಹಾಕುವುದು, ಇಲ್ಲದಂತೆ ಮಾಡುವುದು ಎಂದು ಅರ್ಥ. ನಿಯಮಗಳಿಗೆ ಹರತಾಳ ಎಂದರೆ ನಿಯಮಗಳನ್ನು ಗಾಳಿಗೆ ತೂರಿದರು ಎಂದು ನಾವು ಹೇಳುವ ಮಾತು. ಕನ್ನಡಕ್ಕೆ ತರುವಾಗ ‘ನಿಯಮಗಳಿಗೆ ಹರತಾಳ’ ಎಂದು ಹಾಗೆಯೇ ಇಳಿಸಬೇಡಿ, ಕರ್ನಾಟಕದ ಓದುಗನಿಗೆ ಒಂದಕ್ಷರವೂ ತಿಳಿಯದು. ‘ನಿಯಮಕ್ಕೆ ಎಳ್ಳುನೀರು’ ಎಂದು ಬರೆಯಿರಿ. ಗಣೇಶ ಚತುರ್ಥಿಯ ಹಿಂದಿನ ದಿನ ನಿಮ್ಮ ಕಡೆಯ ಹೆಣ್ಣುಮಕ್ಕಳು ಹಿಡಿಯುವ ಹರತಾಲಿಕೆಯ ವ್ರತಕ್ಕೂ ಇವೆರಡಕ್ಕೂ ನಂಟಿಲ್ಲ. ಪಾರ್ವತಿಯನ್ನು ಅವಳ ಆಲಿ, ಅಂದರೆ ಗೆಳತಿ, ಒಯ್ದಳೆಂಬ ಕಥೆಯಿಂದ ಆ ಹೆಸರು.

ಪ್ರಶ್ನೆ: ತೆಲುಗು ಪತ್ರಿಕೆಯಲ್ಲಿ ‘ಮುಷ್ಕರುಲು’ ಗುಂಡು ಹಾರಿಸಿದರೆಂದು ಓದಿ ಗಾಬರಿಯಾಯಿತು. ಮುಷ್ಕರ ನಿರತರು ಬಂದೂಕು ಹಿಡಿದರೆ?
— ಓದುಗರೊಬ್ಬರು, ಮಡಕಶಿರಾ

ಉತ್ತರ: ಗಾಬರಿ ಬೇಡ. ಮೇಲೆ ಹೇಳಿದ ಮೊಂಡುತನದ ಹಳೆಯ ಅರ್ಥವೇ ತೆಲುಗಿನಲ್ಲಿ ಇನ್ನೊಂದು ದಾರಿ ಹಿಡಿದು ದುಷ್ಟ, ಕಿಡಿಗೇಡಿ ಎಂದಾಗಿ, ಈಗಿನ ಪತ್ರಿಕೆಗಳಲ್ಲಿ ಭಯೋತ್ಪಾದಕ ಎಂಬಲ್ಲಿಗೆ ಬಂದು ನಿಂತಿದೆ. ಕೆಲಸ ನಿಲ್ಲಿಸುವುದಕ್ಕೆ ತೆಲುಗರು ‘ಸಮ್ಮೆ’ ಎನ್ನುತ್ತಾರೆ. ಒಂದೇ ಪದ ಗಡಿಯ ಒಂದು ಬದಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳುತ್ತದೆ, ಇನ್ನೊಂದು ಬದಿಯಲ್ಲಿ ಗುಂಡು ಹಾರಿಸುತ್ತದೆ. ತೆಲುಗಿನಿಂದ ಕನ್ನಡಕ್ಕೆ ಸುದ್ದಿ ಇಳಿಸುವವರು ಇಲ್ಲಿ ಎಡವಿದರೆ ಬಡಪಾಯಿ ಕಾರ್ಮಿಕರ ಮೇಲೆ ಎಂಥ ಆರೋಪ ಬಂದೀತೆಂದು ಊಹಿಸಿಕೊಳ್ಳಿ.

ಪ್ರಶ್ನೆ: ನಾನು ಮಂಜೇಶ್ವರದಿಂದ ಕನ್ನಡ ಪತ್ರಿಕೆಗೆ ಸುದ್ದಿ ಬರೆಯುತ್ತೇನೆ. ಪ್ರಕಟಣೆಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ‘ಹರತಾಳಕ್ಕೆ ಆಹ್ವಾನ’ ಎಂದು ಬರೆದದ್ದಕ್ಕೆ ಸಂಪಾದಕರು ನಕ್ಕರು. ಪದ ಸಂಸ್ಕೃತದ್ದೇ ಅಲ್ಲವೇ, ತಪ್ಪೇನು?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಸಂಸ್ಕೃತದ ಪದ ಎರಡೂ ಭಾಷೆಗಳಲ್ಲಿ ಇರುವುದೇ ಇಲ್ಲಿಯ ಅಪಾಯ. ಅಪರಿಚಿತ ಪದವಾದರೆ ನಿಘಂಟು ತೆರೆಯುತ್ತೇವೆ. ಪರಿಚಿತ ಮುಖ ಕಂಡರೆ ಒಳಗೆ ಬಿಟ್ಟುಕೊಳ್ಳುತ್ತೇವೆ. ಮಲಯಾಳದಲ್ಲಿ ‘ಆಹ್ವಾನಂ’ ಎಂದರೆ ಚಳವಳಿಯ ಕರೆ. ಕನ್ನಡದಲ್ಲಿ ಆಹ್ವಾನ ಮದುವೆಗೆ, ಗೃಹಪ್ರವೇಶಕ್ಕೆ, ಟೆಂಡರಿಗೆ. ಹರತಾಳಕ್ಕೆ ಆಹ್ವಾನವಿದೆ ಎಂದರೆ ಊಟವೂ ಇರಬೇಕಲ್ಲ ಎಂದು ಸಂಪಾದಕರಿಗೆ ತೋರಿದ್ದರೆ ಅವರನ್ನು ದೂರಲಾಗದು. ‘ಹರತಾಳಕ್ಕೆ ಕರೆ’ ಎನ್ನಿ.

ಇದೇ ಜಾತಿಯ ಇನ್ನೂ ಕೆಲವು ಪದಗಳು ನಿಮ್ಮ ಮೇಜಿನ ಮೇಲೆ ದಿನವೂ ಬೀಳುತ್ತವೆ. ಮಲಯಾಳದ ‘ಪ್ರತಿಷೇಧಂ’ ಪ್ರತಿಭಟನೆ. ಕನ್ನಡದಲ್ಲಿ ಪ್ರತಿಷೇಧವೆಂದರೆ ನಿಷೇಧ. ಬೆಲೆಯೇರಿಕೆಯ ಪ್ರತಿಷೇಧ ಎಂದು ಬರೆದರೆ ಸರಕಾರವೇ ಬೆಲೆಯೇರಿಕೆಯನ್ನು ನಿಷೇಧಿಸಿತೆಂದು ಓದುಗ ಸಂತೋಷಪಟ್ಟಾನು. ‘ವಿದ್ಯಾರ್ಥಿ ಸಮರಂ’ ಅಲ್ಲಿ ತರಗತಿ ಬಹಿಷ್ಕಾರ ಅಥವಾ ಹೋರಾಟ. ಇಲ್ಲಿ ಸಮರವೆಂದರೆ ಕುರುಕ್ಷೇತ್ರವೇ ಕಣ್ಣಿಗೆ ಕಟ್ಟುತ್ತದೆ. ‘ಉಪರೋಧಂ’ ಎಂಬುದನ್ನು ಕಚೇರಿಯಾದರೆ ಮುತ್ತಿಗೆ, ರಸ್ತೆಯಾದರೆ ತಡೆ ಎಂದು ಸ್ಥಳ ನೋಡಿ ಬಿಡಿಸಬೇಕು. ‘ಹರ್ತ್ತಾಲ್ ಅನುಕೂಲಿಗಳ್’ ಎಂಬವರು ಹರತಾಳದ ಬೆಂಬಲಿಗರು. ‘ಅನುಕೂಲಿಗಳು’ ಎಂದು ಬಿಟ್ಟರೆ ನಾಲ್ಕು ಕಾಸಿನ ಅನುಕೂಲವಿರುವ ಮನೆತನದವರು ಬೀದಿಗಿಳಿದರೆಂದು ತೋರುತ್ತದೆ.

‘ಧರ್ಣ’ ಒಂದರ ಮಟ್ಟಿಗೆ ತಪ್ಪು ನಮ್ಮದೇ, ಆದರೆ ಈಗ ತಿದ್ದುವ ಅಗತ್ಯವಿಲ್ಲ. ಹಿಡಿದು ಕೂರುವುದೆಂಬ ಅರ್ಥದ ‘ಧರಣಾ’ ಕನ್ನಡದಲ್ಲಿ ಭೂಮಿಯ ಹೆಸರಾದ ‘ಧರಣಿ’ಯೊಂದಿಗೆ ಬೆರೆತುಹೋಯಿತು, ನೆಲದ ಮೇಲೆ ಕುಳಿತುಕೊಳ್ಳುವ ಪ್ರತಿಭಟನೆಯಾದ್ದರಿಂದ ಯಾರಿಗೂ ವಿಚಿತ್ರವೆನಿಸಲಿಲ್ಲ. ಸಾಲ ತೀರಿಸದವನ ಮನೆಬಾಗಿಲಲ್ಲಿ ಉಪವಾಸ ಕುಳಿತು ಅವನಿಗೆ ದೈವಕೋಪದ ಭಯ ಹುಟ್ಟಿಸುವುದು ಇದರ ಹಳೆಯ ರೂಪ. 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಮು ಅದನ್ನು ಅಪರಾಧವೆಂದು ಉದಾಹರಣೆ ಸಹಿತ ಹೇಳಿತ್ತು. ಧರಣಿಯನ್ನು ಕನ್ನಡದಲ್ಲಿ ಕೂರುತ್ತಾರೆ, ನಡೆಸುತ್ತಾರೆ. ‘ಧರಣಿ ಆಚರಿಸಿದರು’ ಎನ್ನುವುದಿಲ್ಲ. ಪ್ರಕಟಣೆಯನ್ನು ಕನ್ನಡಿಸುವಾಗ ನಾಮಪದ ಸರಿಯಾದರೂ ಕ್ರಿಯಾಪದದಲ್ಲಿ ಮಲಯಾಳದ ಜಾಡು ಉಳಿದುಬಿಡುತ್ತದೆ, ಆ ಕಡೆಗೆ ಹೆಚ್ಚು ಗಮನವಿರಲಿ. ನಿಮ್ಮ ವಾಕ್ಯ ಹೀಗಿರಲಿ: ‘ಗುರುವಾರ ಹರತಾಳಕ್ಕೆ ಕರೆ ನೀಡಲಾಗಿದ್ದು, ಹಾಲು, ಪತ್ರಿಕೆ ಮತ್ತು ಆಸ್ಪತ್ರೆಗಳಿಗೆ ವಿನಾಯಿತಿ ಇದೆ, ಅದೇ ದಿನ ಬೆಳಿಗ್ಗೆ ಬೆಂಬಲಿಗರು ತಾಲೂಕು ಕಚೇರಿಯ ಎದುರು ಧರಣಿ ಕೂರುವರು.’